ಶುಗರ್ ಇರೋ ಅತ್ತೆಗೆ ಪ್ಲಮ್ ಹಣ್ಣು ಕೊಡಬೋದಾ?

ಪ್ರಶ್ನೆ: ಮೇಡಂ, ನಾವು ಮಂಡ್ಯದವರು. ನಮ್ಮತ್ತೆಗೆ 62 ವರ್ಷ, ಶುಗರ್ ಇದೆ, ಮಾತ್ರೆ ತಗೋತಾರೆ. ಮೊದಲಿಂದ್ಲೂ ಮಲಬದ್ಧತೆ ಬೇರೆ. ಮೈಸೂರಿಗೆ ಹೋದಾಗ ದೇವರಾಜ ಮಾರ್ಕೆಟಲ್ಲಿ ಪ್ಲಮ್ ತಂದೆ, ಪಕ್ಕದ್ಮನೆಯವ್ರು ಶುಗರ್ ಇರೋರು ಸಿಹಿ ಹಣ್ಣು ತಿನ್ಬಾರ್ದು ಅಂತ ಹೆದರಿಸ್ಬಿಟ್ರು, ಈಗ ಅತ್ತೆ ಮುಟ್ತಾನೇ ಇಲ್ಲ. ಮೂಳೆಗೂ ಒಳ್ಳೇದು ಅಂತಾರೆ, ನಿಜಾನಾ?

ಉತ್ತರ: ಧಾರಾಳವಾಗಿ ಕೊಡಿ ಅಮ್ಮ. ಒಂದು ಮೀಡಿಯಂ ಸೈಜ್ ಪ್ಲಮ್ಮಲ್ಲಿ ಇರೋದು 30 ಕ್ಯಾಲೊರಿ, ಆರೇಳು ಗ್ರಾಂ ಸಕ್ಕರೆ ಅಷ್ಟೇ. ಅದೂ ರಕ್ತಕ್ಕೆ ನಿಧಾನವಾಗಿ ಸೇರೋಂಥದ್ದು. ದಿನಕ್ಕೆ ಒಂದೋ ಎರಡೋ, ಊಟ ಆದ ತಕ್ಷಣ ಬೇಡ, ಬೆಳಿಗ್ಗೆ ಹನ್ನೊಂದಕ್ಕೋ ಸಂಜೆ ನಾಲ್ಕಕ್ಕೋ ತಿನ್ಲಿ. ಸಿಪ್ಪೆ ಮಾತ್ರ ತೆಗೀಬೇಡಿ, ಆ ಕೆಂಪು-ನೇರಳೆ ಬಣ್ಣ ಕೊಡೋ ಒಳ್ಳೆ ಅಂಶ ಎಲ್ಲಾ ಅದ್ರಲ್ಲೇ ಜಾಸ್ತಿ. ಜ್ಯೂಸ್ ಮಾಡಿ ಸೋಸಿ ಕೊಡೋದು ಬೇಡವೇ ಬೇಡ, ನಾರು ಹೋಗಿ ಬರೀ ಸಕ್ಕರೆ ನೀರು ಉಳಿಯತ್ತೆ.

ಆದ್ರೆ ಮಲಬದ್ಧತೆಗೆ ಅಂತ ಕೇಳಿದ್ರೆ ನಾನು ಹೇಳೋದು ಒಣಗಿಸಿದ ಪ್ಲಮ್, ಡ್ರೈ ಫ್ರೂಟ್ ಅಂಗಡೀಲಿ ಪ್ರೂನ್ಸ್ ಅಂತ ಸಿಗತ್ತಲ್ಲ, ಅದು. ಹಸಿ ಹಣ್ಣಲ್ಲಿ 100 ಗ್ರಾಂಗೆ ನಾರು ಒಂದೂವರೆ ಗ್ರಾಂ ಹತ್ರ, ಒಣಗಿದ್ರಲ್ಲಿ 7 ಗ್ರಾಂ, ಜೊತೆಗೆ ಸಾರ್ಬಿಟಾಲ್ ಅಂತ ಒಂದು ಅಂಶ ಇದೆ, ಅದು ಕರುಳಿಗೆ ನೀರು ಎಳ್ಕೊಂಡು ಮಲ ಮೆತ್ತಗೆ ಮಾಡತ್ತೆ. 2011ರಲ್ಲಿ ಅಮೆರಿಕದ ಅಯೋವಾದಲ್ಲಿ ಪ್ರೂನ್ಸನ್ನ ಇಸಬ್‌ಗೋಲ್ ಥರದ ನಾರಿನ ಪುಡಿ ಜೊತೆ ಹೋಲಿಸಿ ನೋಡಿದ್ರು, ಪ್ರೂನ್ಸೇ ಚೆನ್ನಾಗಿ ಕೆಲಸ ಮಾಡ್ತು. ಆದ್ರೆ ಅವ್ರು ಕೊಟ್ಟಿದ್ದು ದಿನಕ್ಕೆ 100 ಗ್ರಾಂ, ಅಷ್ಟರಲ್ಲಿ 38 ಗ್ರಾಂ ಸಕ್ಕರೆ ಇರತ್ತೆ, ನಿಮ್ಮತ್ತೆಗೆ ಅಷ್ಟು ಖಂಡಿತ ಬೇಡ. ರಾತ್ರಿ ಮೂರು ಪ್ರೂನ್ಸ್ ನೆನೆಹಾಕಿ, ಬೆಳಿಗ್ಗೆ ಹಣ್ಣು ತಿಂದು ಆ ನೀರೂ ಕುಡೀಲಿ, ಒಂದು ವಾರ ಶುಗರ್ ಚೆಕ್ ಮಾಡ್ತಾ ಇರಿ. ಸಕ್ಕರೆ ಪಾಕ ಹಾಕಿರೋದು ತರಬೇಡಿ. ಶುರೂಲೇ ಜಾಸ್ತಿ ತಿಂದ್ರೆ ಗ್ಯಾಸ್, ಭೇದಿ ಆಗತ್ತೆ.

ಮೂಳೆ ವಿಷಯಾನೂ ಸುಳ್ಳಲ್ಲ. ಮುಟ್ಟು ನಿಂತ ಹೆಂಗಸರು ಒಂದು ವರ್ಷ ದಿನಾ 50 ಗ್ರಾಂ, ಅಂದ್ರೆ ಐದಾರು ಪ್ರೂನ್ಸ್ ತಿಂದಾಗ ಸೊಂಟದ ಮೂಳೆ ಸವೆಯೋದು ತಡೀತು ಅಂತ 2022ರಲ್ಲಿ ಪೆನ್ ಸ್ಟೇಟ್ ಯೂನಿವರ್ಸಿಟಿಯವ್ರು ತೋರಿಸಿದಾರೆ. ಹಾಗಂತ ಡಾಕ್ಟ್ರು ಕ್ಯಾಲ್ಸಿಯಂ ಮಾತ್ರೆ ಕೊಟ್ಟಿದ್ರೆ ಅದನ್ನ ಬಿಡೋ ಹಾಗಿಲ್ಲ, ರಾಗಿ ಮುದ್ದೆ, ಸೊಪ್ಪಿನ ಬಸ್ಸಾರೂ ಇರಲೇಬೇಕು.

ಕಿಡ್ನಿ ತೊಂದ್ರೆ, ಕ್ರಿಯಾಟಿನಿನ್ ಜಾಸ್ತಿ ಇದ್ರೆ ಪ್ರೂನ್ಸ್ ಬೇಡ, ಪೊಟ್ಯಾಶಿಯಂ ತುಂಬಾ ಇರತ್ತೆ. ರಕ್ತ ತೆಳು ಮಾಡೋ ವಾರ್ಫರಿನ್ ಮಾತ್ರೆ ತಗೋತಿದ್ರೆ ಡಾಕ್ಟ್ರನ್ನ ಕೇಳದೆ ಶುರು ಮಾಡ್ಬೇಡಿ, ಇದ್ರಲ್ಲಿ ವಿಟಮಿನ್ ಕೆ ಇದೆ. ಮಲದಲ್ಲಿ ರಕ್ತ ಬಂದ್ರೆ, ತೂಕ ಇಳೀತಿದ್ರೆ ಹಣ್ಣಲ್ಲೇ ಸರಿ ಮಾಡ್ಕೋತೀವಿ ಅಂತ ಕೂರದೆ ಮೊದಲು ತೋರಿಸಿ.

ಇನ್ನೊಂದ್ ಮಾತು, ಪ್ಲಮ್ ಬರೋದು ಹಿಮಾಚಲ, ಕಾಶ್ಮೀರದ ಕಡೆಯಿಂದ, ಸೀಸನ್ ಮುಗಿದ್ಮೇಲೆ ದುಬಾರಿ ಹಣ್ಣು ಹುಡುಕ್ಕೊಂಡು ಮೈಸೂರಿಗೆ ಬರೋ ಕಷ್ಟ ಬೇಡ. ಮಂಡ್ಯದಲ್ಲೇ ಸಿಗೋ ಸೀಬೆಹಣ್ಣಲ್ಲಿ ಹಸಿ ಪ್ಲಮ್‌ಗಿಂತ ನಾರೂ ಜಾಸ್ತಿ, ವಿಟಮಿನ್ ಸಿ ಅಂತೂ ಎಷ್ಟೋ ಪಟ್ಟು ಜಾಸ್ತಿ, ಚಿಕ್ಕದೊಂದು ಸೀಬೆ ಕೊಡಿ.