ಕಲಬುರಗಿ ಬಿಸಿಲಿಗೆ ಹಸು, ಎಮ್ಮೆ ಕೊಟ್ಟಿಗೆ ಹೇಗಿರಬೇಕು? ತಗಡು ಹಾಕಬಹುದಾ?

ಹಾಕಬಹುದು, ಆದರೆ ತಗ್ಗಾಗಿ ಹಾಕಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ ನಿಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ ಅಲ್ವಾ, ಏಳಡಿ ಎತ್ತರದ ತಗಡಿನ ಕೆಳಗೆ ಕಟ್ಟಿದ ದನಕ್ಕೆ ಆ ಕಾವೆಲ್ಲ ನೇರ ಬೆನ್ನಿಗೇ ಬಡಿಯುತ್ತದೆ. ಅಂಚಿನಲ್ಲೇ 10 ಅಡಿ ಇರಲಿ. ನೆತ್ತಿಯಲ್ಲಿ ಬಿಸಿಗಾಳಿ ಹೊರಹೋಗಲು ಸಂದು ಬಿಡಿ. ತಗಡಿನ ಮೇಲೆ ಸುಣ್ಣ ಬಳಿಯಿರಿ, ಕಬ್ಬಿನ ರವದಿ (ಒಣಗಿದ ಗರಿ) ಸಿಕ್ಕರೆ ದಪ್ಪಗೆ ಹೊದಿಸಿ ಕಟ್ಟಿ.

ಉದ್ದ ಪೂರ್ವ-ಪಶ್ಚಿಮಕ್ಕಿರಲಿ, ಆಗ ಬೆಳಗಿನ ಮತ್ತು ಸಂಜೆಯ ಓರೆ ಬಿಸಿಲು ಅಗಲದ ಬದಿಯಿಂದಷ್ಟೇ ಒಳಗೆ ಬರುತ್ತದೆ. ಸುತ್ತ ಗೋಡೆ ಎತ್ತಿ ಮುಚ್ಚಿಬಿಡುವುದು ನಮ್ಮವರು ಮಾಡುವ ದೊಡ್ಡ ತಪ್ಪು. ಮೂರಡಿ ಸಾಕು, ಮೇಲೆ ಗಾಳಿ ಆಡಲಿ.

ಎಮ್ಮೆಗೆ ಇಷ್ಟೇ ಸಾಲದು. ಚರ್ಮ ಕಪ್ಪು, ಬೆವರಿನ ಗ್ರಂಥಿ ಹಸುವಿಗಿಂತ ಕಡಿಮೆ. ಹತ್ತಿರ ಕೆರೆ ಇಲ್ಲದಿದ್ದರೆ ಮಧ್ಯಾಹ್ನ ಎರಡು ಸಲ ಮೈಗೆ ನೀರು ಹಾಕಿ, ಗಾಳಿ ಬರುವ ಕಡೆ ನಿಲ್ಲಿಸಿ. ಗಾಳಿಯಿಲ್ಲದ ಕೊಟ್ಟಿಗೆಯಲ್ಲಿ ಸುಮ್ನೆ ನೀರು ಚಿಮುಕಿಸಿದರೆ ಸೆಕೆಯೇ ಜಾಸ್ತಿಯಾಗುತ್ತದೆ.

ಜಾಗ: ಮಾಡಿನ ಕೆಳಗೆ ಎಮ್ಮೆಗೆ ಸುಮಾರು 4 ಚದರ ಮೀಟರ್, ಹಸುವಿಗೆ 3.5. ನೆಲಕ್ಕೆ 40 ಅಡಿಗೆ ಒಂದಡಿ ಇಳಿಜಾರು ಕೊಡಿ. ದನ ಬಾಯಿ ತೆರೆದು, ಜೊಲ್ಲು ಸುರಿಸುತ್ತಾ ಏದುಸಿರು ಬಿಡುತ್ತಿದ್ದರೆ ಮಾತ್ರ ಸಂಜೆವರೆಗೆ ಕಾಯಬೇಡಿ. ಆಗಲೇ ನೆರಳಿಗೆ ಎಳೆದು ತಣ್ಣೀರು ಹಾಕಿ, ಡಾಕ್ಟರಿಗೆ ಫೋನ್ ಮಾಡಿ.