ಗಾಡಿ ಪ್ರಶ್ನೋತ್ತರ: ಹೊಸ ಕಾರಿನ ಟೈರಿಗೆ ಎಷ್ಟು ಗಾಳಿ?

ಪ್ರಶ್ನೆ: ಹೋದ ತಿಂಗಳು ಹೊಸ ಕಾರು ತಗೊಂಡೆವು. ಬಾಗಿಲ ಹತ್ತಿರದ ಸ್ಟಿಕ್ಕರಿನಲ್ಲಿ 33 ಎಂದಿದೆ, ಟೈರಿನ ಮೇಲೆ 51 ಎಂದಿದೆ, ಪಂಪಿನ ಹುಡುಗ ಎಲ್ಲರಿಗೂ 35 ಹಾಕುತ್ತಾನೆ. ಊರಿಗೆ ಹೊರಟಾಗ ಖಂಬಾಟ್ಕಿ ಘಾಟ್ ದಾಟುವಷ್ಟರಲ್ಲಿ ಡ್ಯಾಶ್‌ಬೋರ್ಡ್ 38 ತೋರಿಸಿತು. ಗಾಳಿ ಬಿಡಬೇಕಿತ್ತೇ?
– ಓದುಗರೊಬ್ಬರು, ಕೋಥ್ರೂಡ್, ಪುಣೆ

ಉತ್ತರ: ಖಂಡಿತ ಬಿಡಬಾರದು. ಓಡುವ ಟೈರು ಬಿಸಿಯಾಗಿ 4–5 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ, ನೀವು ಹೇಳಿದ ಅಂಕಿಗಳೆಲ್ಲ ಇದರಲ್ಲೇ) ಏರುವುದು ಸಹಜ. ಆ ಏರಿಕೆಗೆ ಜಾಗ ಬಿಟ್ಟೇ ಕಂಪನಿ 33 ಎಂದು ಬರೆದಿರುತ್ತದೆ. ಬಿಸಿಯಲ್ಲಿ 33ಕ್ಕೆ ಇಳಿಸಿದರೆ ಮರುದಿನ ಬೆಳಿಗ್ಗೆ 28ಕ್ಕೆ ಬಂದಿರುತ್ತದೆ. ಗಾಳಿ ಕಡಿಮೆಯಾದ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚುತ್ತ ಇನ್ನಷ್ಟು ಕಾಯುತ್ತದೆ. ಎಕ್ಸ್‌ಪ್ರೆಸ್‌ವೇನಲ್ಲಿ ಟೈರು ಸಿಡಿಯುವುದಕ್ಕೆ ಹೆಚ್ಚಾಗಿ ಇದೇ ದಾರಿ.

ಟೈರಿನ ಮೇಲಿನ 51 ಆ ಟೈರು ತಡೆಯುವ ಗರಿಷ್ಠ ಮಿತಿ, ನಿಮ್ಮ ಕಾರಿಗೆ ಬೇಕಾದ ಲೆಕ್ಕವಲ್ಲ. ನಂಬಬೇಕಾದದ್ದು ಸ್ಟಿಕ್ಕರನ್ನು. ಕೆಲವು ಕಾರುಗಳಲ್ಲಿ ಅದು ಪೆಟ್ರೋಲ್ ಮುಚ್ಚಳದ ಒಳಬದಿಗಿರುತ್ತದೆ. 230 ಕೆಪಿಎ ಎಂದಿದ್ದರೂ 2.3 ಬಾರ್ ಎಂದಿದ್ದರೂ ಹತ್ತಿರಹತ್ತಿರ 33 ಪಿಎಸ್‌ಐಯೇ. ಇಬ್ಬರು ಕೂತಾಗ ಒಂದು, ಐವರು ಮತ್ತು ಲಗೇಜು ಇದ್ದಾಗ ಇನ್ನೊಂದು ಎಂದು ಎರಡು ಅಂಕಿಗಳಿದ್ದರೆ, ಊರಿಗೆ ಹೊರಡುವ ಮುಂಚೆ ಎರಡನೆಯದನ್ನು ಹಿಡಿಯಿರಿ. ಹಿಂದಿನ ಟೈರಿನ ಅಂಕಿ ಬೇರೆಯೇ ಇರಬಹುದು, ಅದನ್ನೂ ಗಮನಿಸಿ.

ಹೊಸ ಕಾರಿನಲ್ಲಿ ಇನ್ನೊಂದು ಸಂಗತಿ ಉಂಟು. ಲಾರಿಯಲ್ಲಿ ಸಾಗಿಸುವಾಗ, ಯಾರ್ಡಿನಲ್ಲಿ ವಾರಗಟ್ಟಲೆ ನಿಂತಾಗ ಟೈರು ಒಂದೇ ಕಡೆ ಚಪ್ಪಟೆಯಾಗದಿರಲೆಂದು ಗಾಳಿ ಹೆಚ್ಚು ತುಂಬಿರುತ್ತಾರೆ. ಕೊಡುವ ಮುಂಚೆ ಇಳಿಸಬೇಕಾದದ್ದು ಶೋರೂಮಿನ ಕೆಲಸ, ಕೆಲವೊಮ್ಮೆ ಮರೆತುಹೋಗುತ್ತದೆ. ಹೊಸ ಕಾರು ಗುಂಡಿಗಳಲ್ಲಿ ಎತ್ತಿಹಾಕುತ್ತಿದ್ದರೆ ಮೊದಲು ಗಾಳಿ ನೋಡಿ, ಸಸ್ಪೆನ್ಶನ್ನನ್ನು ಆಮೇಲೆ ಬೈಯಿರಿ.

ಅಳೆಯಬೇಕಾದದ್ದು ಟೈರು ತಣ್ಣಗಿದ್ದಾಗ. ಅಂದರೆ ಕಾರು ಕನಿಷ್ಠ 3 ಗಂಟೆ ನಿಂತಿರಬೇಕು ಅಥವಾ 2 ಕಿ.ಮೀ.ಗಿಂತ ಹೆಚ್ಚು ಓಡಿರಬಾರದು. ಬಿಸಿಲು ಬೀಳುವ ಬದಿಯ ಟೈರುಗಳೂ ಒಂದೆರಡು ಪಿಎಸ್‌ಐ ಜಾಸ್ತಿ ತೋರಿಸುತ್ತವೆ, ಹಾಗಾಗಿ ಬೆಳಗಿನ ಹೊತ್ತೇ ವಾಸಿ. ವಾಲ್ವಿನ ಮುಚ್ಚಳ ಬಿಚ್ಚಿ ಜೇಬಿಗೆ ಹಾಕಿ, ಗೇಜನ್ನು ನೇರಕ್ಕೆ ಒತ್ತಿ. ಬುಸ್ ಎಂಬ ಸದ್ದು ತಕ್ಷಣ ನಿಲ್ಲಬೇಕು. ನಿಲ್ಲದಿದ್ದರೆ ಗೇಜು ಓರೆಯಾಗಿದೆ, ಓದು ತಪ್ಪು. ಎರಡು ಸಲ ಒಂದೇ ಅಂಕಿ ಬಂದರೆ ನಂಬಿ.

ಪಂಪು ದೂರವಿದ್ದರೆ ಹೀಗೆ ಮಾಡಿ. ಮನೆಯಲ್ಲಿ ನಿಮ್ಮದೇ ಗೇಜಿನಲ್ಲಿ ಅಳೆದಾಗ 30 ಬಂತು, ಅಂದರೆ 3 ಕಡಿಮೆ. ಪಂಪು ತಲುಪುವಷ್ಟರಲ್ಲಿ ಅದೇ ಟೈರು 32 ತೋರಿಸುತ್ತದೆ. ಅಲ್ಲಿ 33ಕ್ಕೆ ನಿಲ್ಲಿಸಬೇಡಿ, 35 ಮಾಡಿಸಿ. ಹಾಗೆಂದು ಎಲ್ಲ ಟೈರಿಗೂ 35 ಅಲ್ಲ, ಯಾವುದಕ್ಕೆ ಎಷ್ಟು ಕಡಿಮೆ ಇತ್ತೋ ಅಷ್ಟನ್ನೇ ಸೇರಿಸಿ. ಕೊನೆಗೆ ಹುಡುಗ ಬೆರಳಿಗೆ ಎಂಜಲು ಹಚ್ಚಿ ವಾಲ್ವಿನ ಬಾಯಿಗಿಡುತ್ತಾನಲ್ಲ, ಅದನ್ನು ಬೇಡವೆನ್ನಬೇಡಿ. ಗುಳ್ಳೆ ಎದ್ದರೆ ವಾಲ್ವು ಸೋರುತ್ತಿದೆ ಎಂದೇ ಅರ್ಥ.

ಹವೆ 10 ಡಿಗ್ರಿ ಇಳಿದರೆ ಟೈರಿನಲ್ಲಿ ಸುಮಾರು ಒಂದೂವರೆ ಪಿಎಸ್‌ಐ ಇಳಿಯುತ್ತದೆ. ಮೇ ತಿಂಗಳಲ್ಲಿ ಸರಿಯಿದ್ದದ್ದು ಪುಣೆಯ ಡಿಸೆಂಬರ್ ಬೆಳಗಿಗೆ ಸರಿಯಿರುವುದಿಲ್ಲ. ಮುಂಬೈಯಿಂದ ಘಾಟ್ ಹತ್ತಿ ಬಂದವರಿಗೆ, ಸುಮಾರು 560 ಮೀಟರ್ ಎತ್ತರದ ಪುಣೆಯಲ್ಲಿ ಹೊರಗಿನ ಒತ್ತಡ ಕಡಿಮೆಯಾದ್ದರಿಂದ ಗೇಜು 1 ಪಿಎಸ್‌ಐಯಷ್ಟು ಹೆಚ್ಚು ತೋರಿಸಬಹುದು. ಅದಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ.

ಪ್ರಶ್ನೆ: ನೈಟ್ರೋಜನ್ ಹಾಕಿಸಿದರೆ ತಿಂಗಳುಗಟ್ಟಲೆ ನೋಡಬೇಕಿಲ್ಲವಂತೆ, ನಿಜವೇ? ನಮ್ಮ ಕಾರಿನಲ್ಲಿ ಅಂಕಿ ಬರುವುದಿಲ್ಲ, ಬರೀ ದೀಪ.
– ಓದುಗರೊಬ್ಬರು, ಡೊಂಬಿವಲಿ

ಉತ್ತರ: ಮಾಮೂಲಿ ಗಾಳಿಯಲ್ಲೇ 78 ಭಾಗ ನೈಟ್ರೋಜನ್. ದುಡ್ಡು ಕೊಟ್ಟು ಹಾಕಿಸಿದರೆ ಸೋರುವುದು ತುಸು ನಿಧಾನ, ತೇವಾಂಶ ಇಲ್ಲ, ಅಷ್ಟೇ. ಬೇಡವೆಂದರೆ ಅದೇ ಟೈರಿಗೆ ಸಾದಾ ಗಾಳಿ ಸೇರಿಸಬಹುದು. ಯಾವುದು ತುಂಬಿಸಿದರೂ ತಿಂಗಳಿಗೊಮ್ಮೆ ಅಳೆಯಲೇಬೇಕು. ದೀಪವನ್ನು ಕಾಯಬೇಡಿ, ಸಾಮಾನ್ಯವಾಗಿ ಕಾಲು ಭಾಗದಷ್ಟು ಗಾಳಿ ಇಳಿದ ಮೇಲೆಯೇ ಅದು ಹೊತ್ತುವುದು. ದೀಪವಷ್ಟೇ ಇರುವ ಅನೇಕ ಕಾರುಗಳು ಚಕ್ರ ತಿರುಗುವ ವೇಗದಿಂದ ಗಾಳಿಯನ್ನು ಊಹಿಸುತ್ತವೆ. ಅಂಥವುಗಳಲ್ಲಿ ನಾಲ್ಕಕ್ಕೂ ಸರಿಯಾಗಿ ತುಂಬಿಸಿದ ಮೇಲೆ ರೀಸೆಟ್ ಮಾಡಬೇಕು. ಗಾಳಿ ಕಡಿಮೆ ಇದ್ದಾಗಲೇ ರೀಸೆಟ್ ಒತ್ತಿದರೆ ಕಾರು ಅದನ್ನೇ ಸರಿ ಎಂದು ಕಲಿತುಬಿಡುತ್ತದೆ. ಒಂದೇ ಟೈರು ಮತ್ತೆ ಮತ್ತೆ ಇಳಿಯುತ್ತಿದ್ದರೆ ಸೋಪಿನ ನೀರು ಬಳಿದು ಮೊಳೆ, ವಾಲ್ವು, ರಿಮ್ಮಿನ ಅಂಚು ಮೂರನ್ನೂ ನೋಡಿ.

ಪ್ರಶ್ನೆ: ಸ್ಟೆಪ್ನಿ ಬೇರೆ ಟೈರುಗಳಿಗಿಂತ ತೆಳ್ಳಗಿದೆ. ಅದಕ್ಕೂ 33ಏ?
– ಓದುಗರೊಬ್ಬರು, ಮಡಗಾಂವ್

ಉತ್ತರ: ಅಲ್ಲ. ಗಾತ್ರದ ಮುಂದೆ ಟಿ ಅಕ್ಷರವಿರುವ ತೆಳು ಸ್ಟೆಪ್ನಿಗೆ ಸಾಮಾನ್ಯವಾಗಿ 60 ಪಿಎಸ್‌ಐ, ಅಂದರೆ 4.2 ಬಾರ್ ಬೇಕು. ಓಡಿಸಬೇಕಾದದ್ದು 80 ಕಿ.ಮೀ. ವೇಗದೊಳಗೆ, ಅದೂ ಪಂಕ್ಚರ್ ಅಂಗಡಿಯವರೆಗೆ. ಅಂಕಿ ಆ ಟೈರಿನ ಪಕ್ಕದ ಗೋಡೆಯ ಮೇಲೇ ಬರೆದಿರುತ್ತದೆ. ಪಂಪಿನ ಹುಡುಗ 35ಕ್ಕೆ ನಿಲ್ಲಿಸಿ ಸಾಕು ಅಂದರೆ ಆ ಬರಹವನ್ನೇ ತೋರಿಸಿ.