ಓದುಗರ ಪ್ರಶ್ನೆ: ಬೈಕ್ ಶೋರೂಂ ಮುಚ್ಚಿದೆ, ಈಗೇನು ಮಾಡುವುದು?

ಪ್ರಶ್ನೆ: ಹುಬ್ಬಳ್ಳಿಯ ಶೋರೂಂ ಒಂದರಲ್ಲಿ 25,000 ರೂಪಾಯಿ ಕಟ್ಟಿ ಬೈಕ್ ಬುಕ್ ಮಾಡಿದ್ದೆ. ಉಳಿದ ಹಣಕ್ಕೆ ಫೈನಾನ್ಸ್ ಕಂಪನಿಯ ಸಾಲ ಮಂಜೂರಾಗಿದೆ. ಗಾಡಿ ಕೈಗೆ ಬರುವ ಮೊದಲೇ ಶಟರ್ ಎಳೆದಿದ್ದಾರೆ, ಫೋನ್ ಎತ್ತುತ್ತಿಲ್ಲ. ದುಡ್ಡು ಯಾರನ್ನು ಕೇಳಲಿ?
— ಓದುಗರು, ನರಗುಂದ

ಬುಕಿಂಗ್ ಹಣಕ್ಕಿಂತ ಮೊದಲು ಸಾಲದ ಕಡೆ ನೋಡಿ. ಸಾಲ ಮಂಜೂರಾಗುವುದು ಬೇರೆ, ಆ ದುಡ್ಡು ಡೀಲರ್ ಖಾತೆಗೆ ಹೋಗುವುದು ಬೇರೆ. ಫೈನಾನ್ಸ್ ಕಂಪನಿ ಡೆಲಿವರಿ ಆರ್ಡರ್ (ಗಾಡಿ ಕೊಡಿ, ಹಣ ನಾವು ಕೊಡುತ್ತೇವೆ ಎಂದು ಡೀಲರ್‌ಗೆ ಕೊಡುವ ಪತ್ರ) ಮಾತ್ರ ಕೊಟ್ಟು ಹಣ ಇನ್ನೂ ಬಿಡದಿದ್ದರೆ ಅದನ್ನು ರದ್ದು ಮಾಡಿಸಲು ಇವತ್ತೇ ಬರೆದುಕೊಡಿ. ಹಣ ಹೋಗಿಬಿಟ್ಟಿದ್ದರೆ, ಗಾಡಿ ನನಗೆ ಬಂದಿಲ್ಲ, ಡೀಲರ್‌ನಿಂದ ಹಣ ವಾಪಸ್ ಪಡೆದು ಸಾಲ ಮುಚ್ಚಿ ಎಂದು ಶಾಖೆಗೆ ಪತ್ರ ಕೊಟ್ಟು, ನಕಲಿನ ಮೇಲೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಸಿಟ್ಟಿನಲ್ಲಿ ಕಂತು ಕಟ್ಟುವುದನ್ನು ನಿಲ್ಲಿಸಬೇಡಿ, ಸಿಬಿಲ್ ಸ್ಕೋರ್ ಕೆಡುವುದು ನಿಮ್ಮದೇ. 30 ದಿನಗಳಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಸರಿ ಎನಿಸದಿದ್ದರೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಮಾಹಿತಿಗೆ 14448.

ಇನ್ನು ಬುಕಿಂಗ್ ಹಣ. ಕ್ರೆಡಿಟ್ ಅಥವಾ ಡೆಬಿಟ್ ಕಾರ್ಡ್‌ನಿಂದ ಕಟ್ಟಿದ್ದರೆ ಬ್ಯಾಂಕಿನಲ್ಲಿ ಚಾರ್ಜ್‌ಬ್ಯಾಕ್ (ಕಾರ್ಡ್‌ನಿಂದ ಹೋದ ಹಣ ವಾಪಸ್ ಕೋರುವ) ಅರ್ಜಿ ಹಾಕಿ. ಇದಕ್ಕೆ ಗಡುವು ಇರುತ್ತದೆ, ತಡ ಮಾಡಬೇಡಿ. ನಗದು ಕೊಟ್ಟಿದ್ದರೆ ರಸೀದಿಯೇ ಆಧಾರ. ಆ ರಸೀದಿಯಲ್ಲಿ 15 ಅಕ್ಷರಗಳ ಜಿಎಸ್‌ಟಿ ನಂಬರ್ ಇದೆಯೇ ನೋಡಿ. ಮೊದಲ ಎರಡು ಅಂಕಿ ರಾಜ್ಯದ್ದು, ನಮ್ಮದು 29. ಮುಂದಿನ ಹತ್ತು ಅಕ್ಷರ ಮಾಲೀಕರ ಪ್ಯಾನ್. ಇಡೀ ನಂಬರಿನ ಆರನೇ ಅಕ್ಷರ ‘ಪಿ’ ಆಗಿದ್ದರೆ ಅಂಗಡಿ ಒಬ್ಬರದೇ, ಬಾಕಿಗೆ ಅವರ ಸ್ವಂತ ಆಸ್ತಿಯೂ ಹೊಣೆ. ‘ಎಫ್’ ಆಗಿದ್ದರೆ ಪಾಲುದಾರಿಕೆ. ಸಾಮಾನ್ಯ ಪಾಲುದಾರಿಕೆಯಾದರೆ ಎಲ್ಲ ಪಾಲುದಾರರೂ ಹೊಣೆ, ಎಲ್‌ಎಲ್‌ಪಿ (ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ) ಆದರೆ ಹಾಗಲ್ಲ. ‘ಸಿ’ ಆಗಿದ್ದರೆ ಕಂಪನಿ. ಅದು ದಿವಾಳಿ ಪ್ರಕ್ರಿಯೆಗೆ ಹೋಗಿದ್ದರೆ ನ್ಯಾಯಮಂಡಳಿ ನೇಮಿಸಿದ ವೃತ್ತಿಪರರ ಮುಂದೆ ನಿಮ್ಮ ಬಾಕಿಯನ್ನು ದಾಖಲಿಸಬೇಕು. ಪ್ರಕ್ರಿಯೆ ನಡೆಯುತ್ತಿರುವಾಗ ಆ ಕಂಪನಿಯ ಮೇಲೆ ಬೇರೆ ದಾವೆ ಮುಂದುವರಿಯುವುದಿಲ್ಲ. ನೋಟಿಸ್ ಯಾರ ಹೆಸರಿಗೆ ಹೋಗಬೇಕು ಎಂಬುದು ಈ ಒಂದು ಅಕ್ಷರದಿಂದ ತಿಳಿಯುತ್ತದೆ. ‘ಶೋರೂಂ ಮ್ಯಾನೇಜರ್’ ಹೆಸರಿಗೆ ನೋಟಿಸ್ ಕಳಿಸಿ ತಿಂಗಳುಗಟ್ಟಲೆ ಕಾದು ಕೂರುವವರು ಬಹಳ ಮಂದಿ.

ಗಾಡಿ ತಯಾರಿಸುವ ಕಂಪನಿಗೂ ಬರೆಯಿರಿ. ಡೀಲರ್ ನಮ್ಮ ಏಜೆಂಟ್ ಅಲ್ಲ, ಸ್ವತಂತ್ರ ವ್ಯಾಪಾರಿ ಎಂಬ ಉತ್ತರ ಬರುವುದೇ ಹೆಚ್ಚು. ಆದರೂ ನಿಮ್ಮ ಬುಕಿಂಗ್ ಕಂಪನಿಯ ಕಂಪ್ಯೂಟರಿನಲ್ಲಿ ಏರಿದ್ದರೆ ಅದನ್ನು ಬೇರೆ ಡೀಲರ್‌ಗೆ ವರ್ಗಾಯಿಸಲು ಒಪ್ಪುವುದುಂಟು. ಇದ್ಯಾವುದೂ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. 2019ರ ಕಾಯ್ದೆಯ ಪ್ರಕಾರ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಶೋರೂಂ ಹುಬ್ಬಳ್ಳಿಯದಾದರೂ ನಿಮಗೆ ಗದಗವೇ ಸಾಕು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಗಡುವು ಎರಡು ವರ್ಷ. ಡೀಲರ್ ಮತ್ತು ಕಂಪನಿ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಹೇಳಿ ನೋಡಿ.

ಪ್ರಶ್ನೆ: ಬೈಕ್ ಮನೆಗೆ ಬಂದಿದೆ, ಪೂರ್ತಿ ದುಡ್ಡು ಕೊಟ್ಟಿದ್ದೇವೆ. ಆರ್‌ಸಿ ಇಲ್ಲ, ನಂಬರ್ ಪ್ಲೇಟ್ ಇಲ್ಲ. ಟಿ.ಪಿ. (ತಾತ್ಕಾಲಿಕ ನೋಂದಣಿ) ಅವಧಿ ಮುಗಿಯುತ್ತಾ ಬಂದಿದೆ, ಶೋರೂಂ ಬಂದ್ ಆಗಿದೆ.
— ಓದುಗರು, ಬ್ಯಾಡಗಿ

ಟಿ.ಪಿ. ಮುಗಿದ ಮೇಲೆ ಗಾಡಿಯನ್ನು ರಸ್ತೆಗೆ ತರಬೇಡಿ. ದಂಡ ಮೊದಲ ಸಲಕ್ಕೇ 5,000 ರೂಪಾಯಿವರೆಗೆ ಆಗಬಹುದು. ಅದಕ್ಕಿಂತ ದೊಡ್ಡ ಪೆಟ್ಟು ವಿಮೆಯದು. ತಾತ್ಕಾಲಿಕ ನೋಂದಣಿ ಮುಗಿದ ವಾಹನ ಕಳುವಾದ ಪ್ರಕರಣದಲ್ಲಿ ಪರಿಹಾರ ಕೊಡಬೇಕಿಲ್ಲವೆಂದು ಸುಪ್ರೀಂ ಕೋರ್ಟ್ 2021ರ ಸೆಪ್ಟೆಂಬರ್ 30ರಂದು ತೀರ್ಪು ಕೊಟ್ಟಿದೆ.

ಪರಿವಾಹನ್ ಜಾಲತಾಣದಲ್ಲಿ ಅರ್ಜಿಯ ಸ್ಥಿತಿ ನೋಡಿ. ಅರ್ಜಿ ಸಂಖ್ಯೆ ನಿಮ್ಮ ಮೊಬೈಲಿಗೆ ಸಂದೇಶವಾಗಿ ಬಂದಿರಬಹುದು. ನಂಬರ್ ಬಿದ್ದಿದ್ದರೆ ಅರ್ಧ ಕೆಲಸ ಮುಗಿದಂತೆ. ಉಳಿದದ್ದು ಪ್ಲೇಟ್. 2019ರ ಏಪ್ರಿಲ್ 1ರಿಂದ ಹೊಸ ಗಾಡಿಗೆ ಎಚ್‌ಎಸ್‌ಆರ್‌ಪಿ (ಅತಿ ಸುರಕ್ಷಿತ ನಂಬರ್ ಪ್ಲೇಟ್) ಒದಗಿಸುವ ಹೊಣೆ ತಯಾರಕ ಕಂಪನಿಯದು, ಆದ್ದರಿಂದ ಬೇರೆ ಡೀಲರ್ ಮೂಲಕ ಹಾಕಿಸಿಕೊಡಿ ಎಂದು ಕೇಳುವುದು ನಿಮ್ಮ ಹಕ್ಕು.

ಡೀಲರ್ ರಸ್ತೆ ತೆರಿಗೆಯನ್ನೇ ಕಟ್ಟಿಲ್ಲವೆಂದರೆ ಕಷ್ಟ. ಆಗ ಆರ್‌ಟಿಓ ಕಚೇರಿಗೆ ಇವನ್ನು ಒಯ್ಯಿರಿ: ಫಾರ್ಮ್ 20 ಅರ್ಜಿ, ಫಾರ್ಮ್ 21 ಮಾರಾಟ ಪತ್ರ, ಫಾರ್ಮ್ 22 ತಯಾರಕರ ಪ್ರಮಾಣಪತ್ರ, ಇನ್‌ವಾಯ್ಸ್, ವಿಮೆ, ಟಿ.ಪಿ., ಆಧಾರ್. ಡೀಲರ್ ಬಳಿಯೇ ಸಿಕ್ಕಿಕೊಳ್ಳುವುದು 21 ಮತ್ತು 22. ಅವೆರಡಕ್ಕೂ ಕಂಪನಿಯ ಪ್ರಾದೇಶಿಕ ಕಚೇರಿಗೆ ಚಾಸಿ ನಂಬರಿನ ಫೋಟೋ, ಇನ್‌ವಾಯ್ಸ್ ಮತ್ತು ಹಣ ಕಟ್ಟಿದ ದಾಖಲೆ ಕಳಿಸಿ. ತೆರಿಗೆಯನ್ನು ಎರಡನೇ ಸಲ ನೀವೇ ಕಟ್ಟಬೇಕಾಗಿ ಬಂದರೆ ಕಟ್ಟಿ, ಗಾಡಿ ಸಕ್ರಮ ಮಾಡಿಕೊಳ್ಳಿ. ಆ ಚಲನ್ ಮುಂದೆ ಗ್ರಾಹಕರ ಆಯೋಗದಲ್ಲಿ ನಿಮ್ಮ ಬಲವಾದ ಸಾಕ್ಷಿ.

ವಿಮೆಯ ಕಾಗದ ಕೈಯಲ್ಲಿದೆ ಎಂದು ನೆಮ್ಮದಿಯಿಂದ ಇರಬೇಡಿ. ಪಾಲಿಸಿ ನಂಬರ್ ಹಾಕಿ ವಿಮಾ ಕಂಪನಿಯಲ್ಲೇ ಪರಿಶೀಲಿಸಿ. ಡೀಲರ್ ಕೊಟ್ಟ ಚೆಕ್ ಬೌನ್ಸ್ ಆದರೆ ಪಾಲಿಸಿ ರದ್ದಾಗುತ್ತದೆ.

ಪ್ರಶ್ನೆ: ಸರ್ವಿಸ್‌ಗೆ ಬಿಟ್ಟ ಬೈಕ್ ಒಳಗಿದೆ, ಬ್ಯಾಂಕಿನವರು ಬಾಗಿಲಿಗೆ ಸೀಲ್ ಹಾಕಿದ್ದಾರೆ.
— ಓದುಗರು, ಧಾರವಾಡ

ಬ್ಯಾಂಕಿಗೆ ಅಡವಿರುವುದು ಡೀಲರ್ ಆಸ್ತಿ, ನಿಮ್ಮ ಗಾಡಿಯಲ್ಲ. ಬಾಗಿಲಿಗೆ ಅಂಟಿಸಿದ ನೋಟಿಸ್‌ನಲ್ಲಿ ಬ್ಯಾಂಕಿನ ಅಧಿಕೃತ ಅಧಿಕಾರಿಯ ವಿವರ ಇರುತ್ತದೆ, ಫೋಟೋ ತೆಗೆದುಕೊಳ್ಳಿ. ಆರ್‌ಸಿ, ವಿಮೆ, ಜಾಬ್ ಕಾರ್ಡ್ (ಸರ್ವಿಸ್‌ಗೆ ಬಿಟ್ಟಾಗ ಕೊಡುವ ಚೀಟಿ) ನಕಲುಗಳೊಂದಿಗೆ ಅವರಿಗೆ ಅರ್ಜಿ ಕೊಡಿ, ಅದರ ಪ್ರತಿಯನ್ನು ಠಾಣೆಗೂ ಕೊಟ್ಟು ಸ್ವೀಕೃತಿ ಪಡೆಯಿರಿ. ಜಾಬ್ ಕಾರ್ಡ್ ಇಲ್ಲದಿದ್ದರೆ ಸರ್ವಿಸ್ ಬುಕಿಂಗ್‌ನ ಸಂದೇಶವೂ ನಡೆಯುತ್ತದೆ. ಬೀಗ ಒಡೆಯುವ ಸಾಹಸ ಬೇಡ, ಮೊಕದ್ದಮೆ ನಿಮ್ಮ ಮೇಲೆಯೇ ಬೀಳುತ್ತದೆ.

ಗಾಡಿ ಹೊರಬಂದ ತಕ್ಷಣ ಸೆಲ್ಫ್ ಒತ್ತಬೇಡಿ. ಆಯಿಲ್ ಬಿಚ್ಚಿ ಹಾಗೆಯೇ ಬಿಟ್ಟಿರುವ ಸಾಧ್ಯತೆ ಇದೆ, ಮೊದಲು ಮಟ್ಟ ನೋಡಿ. ಬ್ಯಾಟರಿ ಮೀಟರ್‌ನಲ್ಲಿ 12.6 ವೋಲ್ಟ್ ಆಸುಪಾಸು ಇದ್ದರೆ ಚೆನ್ನಾಗಿದೆ. 12ಕ್ಕಿಂತ ಕೆಳಗಿದ್ದರೆ ಬಿಚ್ಚಿ ಚಾರ್ಜ್ ಮಾಡಿಸಿ. ಹಳೇ ಪೆಟ್ರೋಲ್ ಪೂರ್ತಿ ಇಳಿಸಿ: ಈಗಿನ ಪೆಟ್ರೋಲ್‌ನಲ್ಲಿ ಶೇ 20ರಷ್ಟು ಎಥನಾಲ್ ಇರುತ್ತದೆ, ಅದು ಗಾಳಿಯ ತೇವ ಹೀರುತ್ತದೆ. ಟೈರ್, ಬ್ಯಾಟರಿ, ಸೈಲೆನ್ಸರ್ ನಿಮ್ಮವೇ ಹೌದೋ ಎಂದು ಅಲ್ಲಿಯೇ ಎಲ್ಲರೆದುರು ನೋಡಿ ಸಹಿ ಮಾಡಿ.

ಪ್ರಶ್ನೆ: ಗದಗಿನಲ್ಲಿದ್ದ ನಮ್ಮ ಬ್ರ್ಯಾಂಡಿನ ಏಕೈಕ ಶೋರೂಂ ಹೋಯಿತು. ವಾರಂಟಿ, ಬಿಡಿಭಾಗ?
— ಓದುಗರು, ಮುಂಡರಗಿ

ವಾರಂಟಿ ತಯಾರಕ ಕಂಪನಿಯದು, ಯಾವ ಅಧಿಕೃತ ಡೀಲರ್ ಬಳಿಯಾದರೂ ನಡೆಯುತ್ತದೆ. ಉಚಿತ ಸರ್ವಿಸ್ ಕೂಡ ಹಾಗೆಯೇ. ಆದರೆ ಕಿಲೋಮೀಟರ್ ಅಥವಾ ದಿನ, ಯಾವುದು ಮೊದಲು ಮುಗಿಯುತ್ತದೋ ಅದೇ ಗಡುವು. ಗದಗಿನಿಂದ ಹುಬ್ಬಳ್ಳಿಗೆ ಸುಮಾರು 60 ಕಿ.ಮೀ. ದೂರವೆಂದು ಒಂದು ಸರ್ವಿಸ್ ಬಿಟ್ಟರೆ ಮುಂದಿನ ಕ್ಲೇಮ್‌ಗೆ ಅದನ್ನೇ ನೆಪ ಮಾಡುತ್ತಾರೆ. ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ) ಮಾಡಿಸಿದ್ದರೆ ಕಾಗದ ಯಾರ ಹೆಸರಿನದು ನೋಡಿ. ಶೋರೂಂನ ಸ್ವಂತ ಯೋಜನೆಯಾದರೆ ಬೇರೆಯವರು ಒಪ್ಪುವುದಿಲ್ಲ.

ಕಂಪನಿಯೇ ದೇಶ ಬಿಟ್ಟರೂ ಎಲ್ಲ ಮುಗಿಯಿತೆಂದಲ್ಲ. ಹಾರ್ಲೆ ಡೇವಿಡ್‌ಸನ್ 2020ರ ಸೆಪ್ಟೆಂಬರ್‌ನಲ್ಲಿ ಇಲ್ಲಿನ ತಯಾರಿಕೆ ನಿಲ್ಲಿಸುವುದಾಗಿ ಹೇಳಿತು, ಮರು ತಿಂಗಳೇ ಮಾರಾಟ ಮತ್ತು ಸರ್ವಿಸ್‌ಗೆ ಹೀರೋ ಮೋಟೋಕಾರ್ಪ್ ಜೊತೆ ಒಪ್ಪಂದವಾಯಿತು.

ಬಿಡಿಭಾಗದಲ್ಲಿ ಅರ್ಧಕ್ಕರ್ಧ ಹೆದರಬೇಕಿಲ್ಲ. ಚಕ್ರದ ಬೇರಿಂಗ್ ಅಂಚಿನಲ್ಲಿ 6202, 6301 ಎಂಬಂಥ ನಂಬರ್ ಕೊರೆದಿರುತ್ತದೆ. 6202 ಎಂದರೆ ಯಾವ ಕಂಪನಿಯದಾದರೂ ಒಳವ್ಯಾಸ 15, ಹೊರವ್ಯಾಸ 35, ದಪ್ಪ 11 ಮಿ.ಮೀ. ಗಾಡಿಯ ಹೆಸರು ಹೇಳದೆ ಈ ನಂಬರ್ ಹೇಳಿದರೆ ಬೇರಿಂಗ್ ಅಂಗಡಿಯಲ್ಲಿ ಸಿಗುತ್ತದೆ. ಹೆಚ್ಚಿನ ಆಯಿಲ್ ಸೀಲ್‌ಗಳ ಮೇಲೂ ಮೂರು ಅಳತೆ ಅಚ್ಚಾಗಿರುತ್ತದೆ. ಊರ ಮೇಸ್ತ್ರಿ ಕೈಗೆ ನಿಲುಕದ್ದು ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್), ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ), ಇಮೊಬಿಲೈಸರ್ (ಕಳವು ತಡೆಯುವ ಚಿಪ್ ಇರುವ) ಕೀಲಿ. ಎರಡನೇ ಕೀಲಿಯನ್ನೂ ಕೀಲಿ ನಂಬರಿನ ತಗಡನ್ನೂ ಮನೆಯಲ್ಲಿ ಬೇರೆ ಬೇರೆ ಕಡೆ ಇಡಿ. ಎರಡೂ ಹೋದರೆ ಇಡೀ ಲಾಕ್ ಸೆಟ್, ಕೆಲವು ಗಾಡಿಗಳಲ್ಲಿ ಇಸಿಯು ಕೂಡ ಬದಲಿಸಬೇಕಾಗುತ್ತದೆ.

ಪ್ರಶ್ನೆ: ಮುಚ್ಚುತ್ತಿರುವ ಶೋರೂಂನಲ್ಲಿ ಭಾರಿ ರಿಯಾಯಿತಿ ಇದೆ. ಕೊಳ್ಳಬಹುದೇ?
— ಓದುಗರು, ರಾಣೆಬೆನ್ನೂರು

ನಂಬರ್ ಬೀಳುವವರೆಗೆ ಪೂರ್ತಿ ಹಣ ಕೊಡದಂತೆ ಒಪ್ಪಿಸಲು ಸಾಧ್ಯವಾದರೆ ಕೊಳ್ಳಿ, ಇಲ್ಲದಿದ್ದರೆ ಬೇಡ. ಶೋರೂಂನ ಗಾಡಿಗಳು ಸಾಮಾನ್ಯವಾಗಿ ಬ್ಯಾಂಕ್ ಸಾಲದಿಂದ ತಂದವು. ಹಣ ಶೋರೂಂ ಸಂಸ್ಥೆಯ ಖಾತೆಗೇ ಹೋಗಲಿ, ಯಾರದೋ ಸ್ವಂತ ಯುಪಿಐಗೆ ಹಾಕಬೇಡಿ. ತಯಾರಾದ ತಿಂಗಳನ್ನು ಫಾರ್ಮ್ 22ರಲ್ಲಿ ನೋಡಿ. ಟೈರಿನ ಮೇಲಿನ ನಾಲ್ಕು ಅಂಕಿಯನ್ನೂ ಓದಿ: 1424 ಎಂದಿದ್ದರೆ 2024ರ 14ನೇ ವಾರದ್ದು. ಇನ್‌ವಾಯ್ಸ್‌ನಲ್ಲಿ ಜಿಎಸ್‌ಟಿ ದರವನ್ನೂ ಗಮನಿಸಿ. 350 ಸಿಸಿವರೆಗಿನ ಬೈಕ್‌ಗೆ 2025ರ ಸೆಪ್ಟೆಂಬರ್ 22ರಿಂದ ಶೇ 28ರ ಬದಲು ಶೇ 18 ಆಗಿದೆ. ಹಳೇ ಸ್ಟಾಕ್ ಎಂದು ಹಳೇ ತೆರಿಗೆ ಸೇರಿಸಿ, ಅದರ ಮೇಲೆ ರಿಯಾಯಿತಿ ತೋರಿಸಿದರೆ ಅದು ರಿಯಾಯಿತಿಯೇ ಅಲ್ಲ.